ಒಂದು ಉಸಿರೂ ಅಳಿಸಬಾರದು

ಮಾರ್ಚ್ ೪, ಮಂಗಳವಾರ

ಎಲ್ಲರೂ ಸಹಿ ಹಾಕಿದರು. ಅವನೂ ಹಾಕಿದ.

ಕಾಗದದಲ್ಲಿರೋದು ನಾಲ್ಕೇ ಸಾಲು, ನಾನೇ ಬರೆದದ್ದು. ಬ್ಯಾಂಡಿನ ನಾಲ್ಕೂ ಜನ ಒಂದೇ ಕೋಣೆಯಲ್ಲಿ ಒಟ್ಟಿಗೆ ಬಾರಿಸಬೇಕು. ಒಂದು ಹಾಡಿಗೆ ಒಂದೇ ಸಲ, ಶುರು ಮಾಡಿದ ಮೇಲೆ ಕಟ್ಟಡ ಬಿದ್ದರೂ ನಿಲ್ಲಿಸಬಾರದು. ಎಂಟೂ ಹಾಡು ಮುಗಿಯೋವರೆಗೆ ಯಾರೂ ಟೇಪು ಹಾಕಿಕೊಂಡು ಕೇಳಬಾರದು. ಟೇಪಿಗೆ ಬಿದ್ದದ್ದರಲ್ಲಿ ಒಂದು ಉಸಿರೂ ಅಳಿಸಬಾರದು.

"ಹಸಿಹಸಿಯಾಗಿರಲಿ," ಅಂದ ಅವನು, ಸಹಿಯ ಕೆಳಗೆ ಎರಡು ಗೆರೆ ಎಳೆದು. "ಕೊನೇ ಆಲ್ಬಮ್ಮು. ಪೌಡರು ಗೀಡರು ಬೇಡ." ಆಲ್ಬಮ್ ತರೋ ಕಂಪನಿಯಿಂದ ಬಂದಿದ್ದವಳು ಕಣ್ಣರಳಿಸಿ ಅದನ್ನೇ ಫೋನಿನಲ್ಲಿ ಬರೆದುಕೊಂಡಳು. ನಾನು ಬೂಟಿನ ಲೇಸು ಕಟ್ಟೋ ನೆಪದಲ್ಲಿ ಬಗ್ಗಿದೆ. ನಗು ಕಾಣಬಾರದಲ್ಲ.

ಇಷ್ಟು ದಿನ ಪೌಡರು ಹಚ್ಚಿದವಳು ನಾನು ಅಂತ ಅವನಿಗೆ ಗೊತ್ತೇ ಇಲ್ಲ. ಅವನ ಗಂಟಲು ಹೋಗಿ ಆರು ವರ್ಷ ಆಯಿತು. ವೇದಿಕೆ ಮೇಲೆ ಜನರ ಕೂಗಾಟದಲ್ಲಿ ಅದು ಮುಚ್ಚಿಹೋಗುತ್ತೆ. ಹಿಂದಿನ ಮೂರು ಆಲ್ಬಮ್ಮಿನಲ್ಲೂ ಅವನು ಹಾಡಿ ಮನೆಗೆ ಹೋದ ಮೇಲೆ ನಾನೂ ರೆಕಾರ್ಡಿಂಗ್ ಮೇಷ್ಟ್ರೂ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ಜಾರಿದ ಸ್ವರ ಒಂದೊಂದನ್ನೇ ಕಂಪ್ಯೂಟರಿನಲ್ಲಿ ಎತ್ತಿ ಸರಿಯಾದ ಜಾಗಕ್ಕೆ ಕೂರಿಸಿ, ಹರಿದ ಅಂಗಿಗೆ ಹೊಲಿಗೆ ಹಾಕಿದ ಹಾಗೆ ಹೊಲಿಯುತ್ತಿದ್ದೆವು. ಗಿಟಾರಿನ ಗಡ್ಡನ ಕಿರುಗುಟ್ಟೋ ತಂತಿ, ಬೇಸ್ ಬಾರಿಸೋ ಲಂಬುವಿನ ತಡವಾದ ಬೆರಳು, ನನ್ನ ಗೊಣಗಾಟ ಎಲ್ಲವನ್ನೂ ಮೇಷ್ಟ್ರು ಒಂದೇ ದಿನದಲ್ಲಿ ತೆಗೆದುಬಿಡುತ್ತಿದ್ದರು. ಅವನ ಗಂಟಲಿಗೆ ಮಾತ್ರ ವಾರಗಟ್ಟಲೆ. ಕೊನೆಗೆ ಕೇಳಿಸಿದರೆ, "ನೋಡಿದ್ಯಾ, ದನಿ ಇನ್ನೂ ಹೇಗಿದೆ!" ಅಂತ ಮೀಸೆ ತಿರುವುತ್ತಿದ್ದ.

ಈ ಸಲ ಹೊಲಿಗೆ ಇಲ್ಲ. ಜನ ಕೇಳಲಿ. ಅವನೂ ಕೇಳಲಿ.

ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು, ಒಂದೇ ತಾಯಿ ಹೊಟ್ಟೆಯಲ್ಲಿ ಹುಟ್ಟಿದವರು. ಮಾತು ಕಲಿತಾಗಿನಿಂದ ಅವನನ್ನು ಕರೆದ ಆ ಎರಡಕ್ಷರ ಇನ್ನು ನನ್ನ ಬಾಯಲ್ಲೂ ಬರಲ್ಲ, ಈ ಪುಸ್ತಕದಲ್ಲಿ ನನ್ನ ಪೆನ್ನಲ್ಲೂ ಬರಲ್ಲ.

ಮಾರ್ಚ್ ೬, ಗುರುವಾರ

ಯಾಕೆ ಅಂತ ಒಂದು ಸಲ ಬರೆದಿಡ್ತೀನಿ. ಎಂದಾದರೂ ಮೆತ್ತಗಾದರೆ ಓದಿಕೊಳ್ಳೋಕೆ ಬೇಕಾಗುತ್ತೆ.

ಜನವರಿಯಲ್ಲಿ ಚಿಕ್ಕಮ್ಮನೂ ನಾನೂ ಅಮ್ಮನ ಬೀರು ಖಾಲಿ ಮಾಡುತ್ತಿದ್ದೆವು. ಅಮ್ಮ ಹೋಗಿ ಎರಡು ವರ್ಷ ಆಗಿತ್ತು, ಆ ಬಾಗಿಲು ತೆಗೆಯೋ ಧೈರ್ಯ ಯಾರಿಗೂ ಇರಲಿಲ್ಲ. ಚಿಕ್ಕಮ್ಮ ನೀಲಿ ಸ್ವೆಟರಿನ ತೋಳು ಮಡಚುತ್ತ, ಬಿಸಿಲು ಜಾಸ್ತಿ ಅಂದಷ್ಟೇ ಸಲೀಸಾಗಿ ಅಂದಳು: "ಪಾಪ, ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ಲು ಕಣೇ. ಅವಳೆಲ್ಲಿ, ಅವಳು ಬಂದ್ಲಾ ಅಂತ. ನಾನು ಆರು ಗಂಟೆಗೇ ಫೋನ್ ಮಾಡಿದ್ನಲ್ಲ, ಅವನೇ ಎತ್ತಿದ್ದ. ಹೊರಟ್ವಿ ಚಿಕ್ಕಮ್ಮ ಅಂದ. ಟ್ರಾಫಿಕ್ಕೇನೋ, ಪಾಪ."

ಟ್ರಾಫಿಕ್ಕೂ ಇಲ್ಲ, ಮಣ್ಣೂ ಇಲ್ಲ. ಆವತ್ತು ಆರೂವರೆಗೆ ನಮ್ಮ ಪ್ರೋಗ್ರಾಮ್ ಇತ್ತು. ಆಸ್ಪತ್ರೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಅವನು ಫೋನು ಜೇಬಿಗಿಟ್ಟು ನನ್ನ ಬೆನ್ನು ತಟ್ಟಿ, "ಬಾ ಗೊಣಗಮ್ಮ, ಜನ ಕಾಯ್ತಿದಾರೆ," ಅಂದ. ನಾನು ಎರಡು ಗಂಟೆ ಬೆವರು ಸುರಿಸಿ ಬಾರಿಸಿದೆ. ವೇದಿಕೆ ಇಳಿದ ಮೇಲೆ ಮುಖ ಸಣ್ಣದು ಮಾಡಿಕೊಂಡು, "ಈಗ ಫೋನ್ ಬಂತು," ಅಂದ. ಅಮ್ಮ ಏಳೂ ಮುಕ್ಕಾಲಿಗೇ ಹೋಗಿಬಿಟ್ಟಿದ್ದಳು. ನಾನು ಅದನ್ನು ನಂಬಿಕೊಂಡು ಎರಡು ವರ್ಷ ಅವನ ಭುಜದ ಮೇಲೆ ತಲೆಯಿಟ್ಟು ಅತ್ತೆ.

ಗೊಣಗಮ್ಮ ಅನ್ನೋದು ಅಮ್ಮ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಡಬ್ಬಿ ಬಡಿಯುತ್ತ ಬಾಯಲ್ಲಿ ಏನಾದರೂ ಒದರುತ್ತಿದ್ದೆನಂತೆ. ಆ ಹೊತ್ತಿನಲ್ಲಿ ಆ ಹೆಸರು ಹಿಡಿದು ಕರೆದನಲ್ಲ, ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತೆ.

ಅವನನ್ನು ಕೇಳಿಲ್ಲ. ಜನವರಿಯಿಂದ ಕೆಲಸಕ್ಕೆ ಬೇಕಾದಷ್ಟು ಹೂಂ, ಉಹೂಂ ಬಿಟ್ಟರೆ ಮಾತೇ ಇಲ್ಲ. ಕೇಳಿದರೆ ಅಳುತ್ತಾನೆ, ಕಾಲು ಹಿಡಿಯುತ್ತಾನೆ, ಅಲ್ಲಿಗೆ ಮುಗಿದುಹೋಗುತ್ತೆ. ಅಷ್ಟು ಸುಲಭಕ್ಕೆ ಬಿಡೋಳಲ್ಲ ನಾನು. ಹಾಡೋದಕ್ಕೋಸ್ಕರ ಅಮ್ಮನ್ನ ಬಿಟ್ಟ. ಆ ಹಾಡೇ ಅವನ ಕೈಬಿಡಬೇಕು, ಎಲ್ಲರ ಎದುರಿಗೆ.

ಮಾರ್ಚ್ ೧೦, ಸೋಮವಾರ

ಮೇಷ್ಟ್ರ ಈ ಸ್ಟುಡಿಯೋ ಹಿಂದೆ ಲಾಂಡ್ರಿ ಆಗಿತ್ತು. ನೆಲದಲ್ಲಿ ಇನ್ನೂ ನೀರು ಹೋಗೋ ಜಾಲರಿಗಳಿವೆ, ಗೋಡೆ ತುಂಬ ಹಳೇ ಕಂಬಳಿ ಹೊಡೆದಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಶುರು, ಎರಡಕ್ಕೆ ಬಂದ್. ಗಾಜಿನ ಆಚೆ ದೊಡ್ಡ ಚಕ್ರದ ಟೇಪ್ ಮೆಷೀನು, ಅದರ ಹಿಂದೆ ಮೇಷ್ಟ್ರ ಬೋಳು ತಲೆ.

ಡ್ರಮ್ಮಿನ ಹಿಂದೆ ಕೂರೋ ನನ್ನ ತಲೆಯ ಮೇಲೊಂದು ಮೈಕು ತೂಗುಬಿಟ್ಟರು. ಅವನನ್ನು ನನ್ನ ಎದುರಿಗೇ ನಿಲ್ಲಿಸಿದೆ, ಬೀಳೋದು ಹತ್ತಿರದಿಂದ ಕಾಣಲಿ ಅಂತ. ಹೆಡ್‌ಫೋನು ಅವನೊಬ್ಬನಿಗೇ. ಗಡ್ಡ, ಲಂಬು ಇಬ್ಬರೂ ತಮ್ಮ ತಮ್ಮ ಸ್ಪೀಕರಿಗೆ ಒರಗಿಕೊಂಡು ಬಾರಿಸುತ್ತಾರೆ, ನನಗೆ ಕಿವಿ ಮುಚ್ಚಿದರೆ ಕೈ ಓಡಲ್ಲ.

ಮೇಷ್ಟ್ರು ಮೊಳೆ ಹೊಡೆಯುತ್ತ ಮೆಲ್ಲಗೆ ಕೇಳಿದರು, "ಏನನ್ನೂ ತೆಗೀಬಾರದು ಅಂತ ಬರೆದುಬಿಟ್ಯಲ್ಲ. ಚೆನ್ನಾಗಿ ಯೋಚನೆ ಮಾಡಿದೀಯಾ?"

"ಎರಡು ತಿಂಗಳು ಮಾಡಿದೀನಿ."

"ನಿಂದೂ ಸೇರಿಸಿ ಹೇಳ್ತಿದೀನಿ ತಾಯಿ."

"ನನ್ನ ಕೈ ತಪ್ಪಲ್ಲ, ಬಿಡಿ ಮೇಷ್ಟ್ರೇ."

ಮುದುಕರಿಗೆ ಎಲ್ಲದಕ್ಕೂ ಭಯ.

ಮಾರ್ಚ್ ೧೧, ಮಂಗಳವಾರ

ಮೊದಲನೇ ಹಾಡು ಆಯಿತು. ಎರಡನೇ ಸಾಲಿಗೇ ದನಿ ಸೀಳಿತು! ಮೂರನೇದಕ್ಕೆ ಸ್ವರ ಎಲ್ಲೋ, ಅವನೆಲ್ಲೋ. ನಾನು ಮನಸ್ಸಿನಲ್ಲೇ ಬೀಳು, ಬೀಳು ಅನ್ನುತ್ತ ಬಾರಿಸಿದೆ. ಇಷ್ಟು ಖುಷಿಯಲ್ಲಿ ಕೋಲು ಹಿಡಿದು ಎಷ್ಟು ವರ್ಷ ಆಯಿತೋ.

ಮುಗಿದ ಮೇಲೆ ಅವನು ಹೆಡ್‌ಫೋನು ತೆಗೆದು ನನ್ನನ್ನೇ ನೋಡುತ್ತ ನಿಂತ. ಮುಖದಲ್ಲಿ ರಕ್ತ ಇರಲಿಲ್ಲ. ತನ್ನ ಗಂಟಲು ತನಗೇ ಕೇಳಿಸಿರಬೇಕು. ಲಂಬು, "ಯಾಕೋ, ದೆವ್ವ ಕಂಡ ಹಾಗೆ?" ಅಂದ. ಅವನು ಗಾಜಿನ ಕಡೆ ತಿರುಗಿದ. ಈಗ ಕೈಕೊಡ್ತಾನೆ, ನಾನು ಹಾಡಲ್ಲ ಅಂತಾನೆ ಅಂದುಕೊಂಡೆ.

"ಮೇಷ್ಟ್ರೇ," ಅಂದ, "ನಾಳೆಯಿಂದ ಇವಳ ಡ್ರಮ್ಮು ನನ್ನ ಕಿವಿಗೆ ಇನ್ನೂ ಜೋರಾಗಿ ಕೊಡಿ. ಇವಳ ತಲೆ ಮೇಲಿನ ಮೈಕು."

ಆಸರೆ ಬೇಕಾಗಿದೆ, ಪಾಪ. ಹಿಡಿದುಕೊಳ್ಳಲಿ ನನ್ನ ತಾಳಾನೇ.

ಮಾರ್ಚ್ ೧೩, ಗುರುವಾರ

ಮೂರು ಹಾಡು. ಮೂರಕ್ಕೆ ಮೂರೂ ಹದಗೆಟ್ಟಿವೆ. ಇವತ್ತಿನದರಲ್ಲಿ ಲಂಬುವೇ ಕಣ್ಣು ಮುಚ್ಚಿಕೊಂಡ. ಹೊಟ್ಟೆ ತಣ್ಣಗಾಯಿತು.

ಮಾರ್ಚ್ ೧೭, ಸೋಮವಾರ

ನಾಲ್ಕನೇದು ನಿಧಾನದ ಹಾಡು. ಅವನ ಉಸಿರು ಎಲ್ಲಿ ಖಾಲಿಯಾಗುತ್ತೆ ಅಂತ ನನಗೆ ಅವನಿಗಿಂತ ಚೆನ್ನಾಗಿ ಗೊತ್ತು. ಪ್ರತಿ ಸಾಲಿನ ಕೊನೆಗೆ ಕೂದಲೆಳೆಯಷ್ಟು ತಡೆದು ಏಟು ಹಾಕಿದೆ. ಅವನಿಗೆ ಉಸಿರೆಳೆಯೋಕೆ ಜಾಗ ಸಿಗಲಿ ಅಂತಲ್ಲ. ಸೀಳಿದ್ದು ನಿಧಾನವಾಗಿ, ಸ್ಪಷ್ಟವಾಗಿ ಕೇಳಬೇಕು ಅಂತ.

ಗಡ್ಡ ಆಮೇಲೆ ನನ್ನ ಹತ್ತಿರ ಬಂದು, "ಏನೇ, ಇವತ್ತು ಅವನನ್ನ ಎತ್ಕೊಂಡು ನಡೆಸಿದ ಹಾಗಿತ್ತು," ಅಂದ. ಮೂವತ್ತು ವರ್ಷ ಸ್ಪೀಕರಿನ ಪಕ್ಕ ನಿಂತು ಇವನ ಕಿವಿ ತೂತು ಬಿದ್ದಿದೆ.

ಮಾರ್ಚ್ ೧೯, ಬುಧವಾರ

ಅವನಿಗೆ ಕೆಮ್ಮು. ಹಾಡಿನ ಮಧ್ಯೆ ಕೆಮ್ಮಿ ನಿಲ್ಲಿಸಿಬಿಟ್ಟರೆ ನನ್ನ ನಿಯಮ ಮುರಿಯುತ್ತಲ್ಲ, ಅದಕ್ಕೆ ಮನೆಯಿಂದ ಬಿಸಿನೀರಿನ ಫ್ಲಾಸ್ಕ್ ಒಯ್ದು ಅವನ ಮೈಕಿನ ಕಾಲ ಹತ್ತಿರ ಇಟ್ಟೆ. "ಯಾರು ಇಟ್ಟಿದ್ದು?" ಅಂದ. ನಾನು ಡ್ರಮ್ಮಿನ ತಿರುಪು ಬಿಗಿಮಾಡಿದೆ. ಅಮ್ಮನ ಹಳೇ ಫ್ಲಾಸ್ಕು, ಹಿಡಿಕೆ ಒಡೆದದ್ದು. ಯಾರದ್ದು ಅಂತ ಅವನಿಗೆ ಗೊತ್ತಾಗದೆ ಇರುತ್ತಾ! ಎರಡೂ ಕೈಯಲ್ಲಿ ಹಿಡಿದುಕೊಂಡು ಕುಡಿದ. ಬೇರೆ ಫ್ಲಾಸ್ಕ್ ಸಿಗಲಿಲ್ಲ, ಅಷ್ಟೇ.

ಐದನೇದು ಮುಗಿಯಿತು.

ಮಾರ್ಚ್ ೨೧, ಶುಕ್ರವಾರ

ಏನೋ ಕೆಡುತ್ತಿದೆ.

ಆರನೇ ಹಾಡಿನಲ್ಲಿ ಅವನು ಮೇಲಿನ ಸ್ವರಕ್ಕೆ ಕೈ ಚಾಚಲೇ ಇಲ್ಲ. ಹಾಡೋದನ್ನೇ ಬಿಟ್ಟು, ಒರಟು ಗಂಟಲಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳುತ್ತ ಹೋದ. ಕಣ್ಣು ನನ್ನ ಮೇಲೆ. ನಾನು ಜೋರು ಮಾಡಿದರೆ ಅವನೂ ಜೋರು, ನಾನು ತಗ್ಗಿದರೆ ಅವನೂ ತಗ್ಗುತ್ತಾನೆ. ಮೂವತ್ತು ವರ್ಷದಲ್ಲಿ ಹೀಗೆ ಒಂದು ದಿನ ಬಾರಿಸಿಲ್ಲ ನಾವು. ಕಂಪನಿಯವಳು ಬಾಗಿಲ ಹತ್ತಿರ ನಿಂತಿದ್ದಳು. ಮುಗಿದ ಮೇಲೆ, "ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಸರ್ ಈ ದನೀನ?" ಅಂದಳು.

ಬಚ್ಚಿಟ್ಟಿದ್ದು ನಾನಮ್ಮ. ಹೊಲಿದು, ಇಸ್ತ್ರಿ ಹಾಕಿ ಬಚ್ಚಿಟ್ಟಿದ್ದೆ. ಈಗ ಬಿಚ್ಚಿದರೆ ನೀನು ಚಪ್ಪಾಳೆ ತಟ್ಟುತ್ತೀಯ!

ದರಿದ್ರ ಹಾಡು. ಪಾತ್ರೆ ತೊಳೆಯುವಾಗಲೂ ಬಾಯಲ್ಲಿ ಅದೇ.

ಮಾರ್ಚ್ ೨೪, ಸೋಮವಾರ

ಆರನೇ ತಾರೀಕು ಬರೆದದ್ದನ್ನು ಓದಿಕೊಂಡೆ. ಸರಿ, ಬಿಸಿ ಬಂತು.

ಏಳನೇದೂ ಇವತ್ತು ಮುಗಿಯಿತು. ಕೊನೇ ಹಾಡಿಗೆ ಬಲೆ ಹಾಕಿದ್ದೇನೆ. ಅದರ ರಾಗ ಅವನು ಇಪ್ಪತ್ತೈದರ ವಯಸ್ಸಿನಲ್ಲಿ ಕಟ್ಟಿದ್ದು, ಎಂದೂ ರೆಕಾರ್ಡ್ ಮಾಡಿರಲಿಲ್ಲ. ತುದಿಯಲ್ಲೊಂದು ಸ್ವರ ಇದೆ, ಈ ಗಂಟಲಿಗೆ ಏಣಿ ಹಾಕಿದರೂ ಎಟಕಲ್ಲ. ಅದನ್ನು ಆಗಿನ ಶ್ರುತಿಯಲ್ಲೇ ಮಾಡಬೇಕು ಅಂದೆ.

"ಶ್ರುತಿ ಎರಡು ಮನೆ ಇಳಿಸೋಣ ಕಣೇ," ಅಂದ ಗಡ್ಡ. "ಸತ್ತೇ ಹೋಗ್ತಾನೆ."

"ಇಳಿಸಲ್ಲ. ಹತ್ತಲಿ."

"ಇರ್ಲಿ ಬಿಡೋ ಗಡ್ಡ," ಅಂದ ಅವನು. "ಅವಳು ಹೇಳಿದ ಮೇಲೆ ಮುಗೀತು. ಆದ್ರೆ ಪದ ಬೇರೆ ಬರೀತೀನಿ. ಹಾಡೋವರೆಗೂ ಯಾರಿಗೂ ತೋರಿಸಲ್ಲ."

ಏನು ಬೇಕಾದರೂ ಬರೆದುಕೊಳ್ಳಲಿ. ಆ ಸ್ವರ ಅಲ್ಲೇ ಇರುತ್ತೆ, ನಾನೂ ಅಲ್ಲೇ ಇರುತ್ತೇನೆ.

ಮಾರ್ಚ್ ೨೮, ಶುಕ್ರವಾರ

ಅಕ್ಷರ ನೆಟ್ಟಗಿಲ್ಲ ಇವತ್ತು.

ಎಂಟನೇ ಹಾಡು. ನಾನು ನಾಲ್ಕು ಏಟು ಎಣಿಸಿ ಕೊಟ್ಟೆ. ಅವನು ಜೇಬಿನಿಂದ ಚೀಟಿ ತೆಗೆದ, ನೋಡಲೇ ಇಲ್ಲ, ಶುರು ಮಾಡಿದ.

ಆರು ಗಂಟೆಗೆ ಫೋನು ಬಂತು,
ಜೇಬಿನೊಳಗೆ ಇಟ್ಟೆ.
ಉಳೀತಾಳೆ ಅಂದ್ಕೊಂಡಿದ್ದೆ
ಅಂತ ಕತೆ ಕಟ್ಟಿಟ್ಟೆ.
ಅಂದ್ಕೊಂಡಿರಲಿಲ್ಲ, ತಂಗಿ,
ಹಾಗೆ ಅಂದ್ಕೊಂಡಿರಲಿಲ್ಲ.
ನನಗೆ ಹಾಡಬೇಕಿತ್ತು,
ಅಷ್ಟೇ. ಬೇರೇನಿಲ್ಲ.

ಎದ್ದು ಹೋಗಿ ಡ್ರಮ್ಮನ್ನೇ ಅವನ ಮೇಲೆ ಎಸೆಯಬೇಕು ಅನ್ನಿಸಿತು. ಆಗಲಿಲ್ಲ. ಕಟ್ಟಡ ಬಿದ್ದರೂ ನಿಲ್ಲಿಸಬಾರದು ಅಂತ ಬರೆದ ಮಹಾರಾಯಿತಿ ನಾನೇ. ಬಾರಿಸಿದೆ. ಇಡೀ ಹಾಡು, ಅಮ್ಮ ಬಾಗಿಲು ನೋಡುತ್ತ ಮಲಗಿದ್ದು, ಇವನು ಜನಕ್ಕೆ ಕೈ ಬೀಸುತ್ತ ನಿಂತಿದ್ದು, ಎಲ್ಲ ಒಂದೂ ಬಿಡದೆ ಹೇಳಿದ. ನೆಪ ಇಲ್ಲ, ಕ್ಷಮಿಸು ಅಂತಲೂ ಇಲ್ಲ. ಕೊನೆಗೆ ಆ ಸ್ವರ ಬಂತು. ಹತ್ತಿದ. ಕತ್ತಿನ ನರ ಉಬ್ಬಿದ್ದು ಕಂಡಿತು, ದನಿ ಎರಡು ಹೋಳಾಯಿತು. ಆಮೇಲೇನಾಯಿತೋ ನೆನಪಿಲ್ಲ. ನೋಡಿದರೆ ಕೈಯಲ್ಲಿ ಅರ್ಧ ಕೋಲಿತ್ತು. ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ.

ನನಗೆ ಗೊತ್ತಾಗಿರೋದು ಅವನಿಗೆ ಹೇಗೆ ಗೊತ್ತಾಯಿತು? ಚಿಕ್ಕಮ್ಮನಿಗೆ ಫೋನ್ ಹಚ್ಚಿ ಕೂಗಾಡಿದೆ. "ನಾನು ಯಾಕೆ ಹೇಳ್ಲಿ? ಟ್ರಾಫಿಕ್ಕು ಅಂತಾನೇ ಅಂದ್ಕೊಂಡಿದ್ದೆ ನಾನು," ಅಂತ ಅವಳೇ ಅಳೋಕೆ ಶುರು ಮಾಡಿದಳು. ಬೇರೆ ಯಾರಿಗೂ ನಾನು ಬಾಯಿ ಬಿಟ್ಟಿಲ್ಲ. ಒಬ್ಬರಿಗೂ ಹೇಳಿಲ್ಲ.

ಮಾರ್ಚ್ ೩೧, ಸೋಮವಾರ

ಕೇಳಿದೆವು.

ಮೇಷ್ಟ್ರ ಕೋಣೆಯಲ್ಲಿ ಐದು ಕುರ್ಚಿ. ಟೇಪು ತಿರುಗಿತು. ಮೊದಲನೇ ಹಾಡು ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಡ್ರಮ್ಮಿನ ಸಂದಿನಿಂದ ಒಂದು ಹೆಂಗಸಿನ ದನಿ ಬಂತು, ಹಲ್ಲು ಕಚ್ಚಿಕೊಂಡು.

"ಬೀಳು. ಬೀಳು. ಆರು ಗಂಟೆಗೆ ಫೋನ್ ಎತ್ತಿದ್ದು ಇದೇ ಬಾಯಲ್ವಾ? ಹೊರಟ್ವಿ ಅಂದಿದ್ದು ಇದೇ ಬಾಯಲ್ವಾ? ಅಮ್ಮನ್ನ ತಿಂದ ಗಂಟಲು. ನಾನು ಹೊಲಿದು ಕೊಡದಿದ್ರೆ ನೀನೇನು? ಬೀಳು."

ಯಾರಪ್ಪ ಇದು ಅಂತ ಒಂದು ಕ್ಷಣ ನಿಜವಾಗಿಯೂ ಅಂದುಕೊಂಡೆ.

ಮನಸ್ಸಿನಲ್ಲೇ ಅಂದುಕೊಂಡದ್ದೆಲ್ಲ ಬಾಯಲ್ಲಿ ಬಂದಿದೆ. ಮೂವತ್ತು ವರ್ಷದಿಂದ ಬರುತ್ತಲೇ ಇತ್ತು, ಮೇಷ್ಟ್ರು ಅಳಿಸುತ್ತಲೇ ಇದ್ದರು. ಈ ಸಲ ಅಳಿಸಬಾರದು ಅಂತ ಬರೆದು, ಎಲ್ಲರ ಸಹಿ ಹಾಕಿಸಿ, ಕೊನೇವರೆಗೆ ಕೇಳಲೂಬಾರದು ಅಂದವಳು ನಾನೇ. ಬೆಪ್ಪು ಅಂದರೆ ಇದಕ್ಕಿಂತ ಬೆಪ್ಪು ಇನ್ನಾರಿದ್ದಾರೆ. ಲಂಬು ನೆಲ ನೋಡುತ್ತ ಕೂತ. ಗಡ್ಡ ತನ್ನ ಗಡ್ಡ ನೀವೋದನ್ನೂ ನಿಲ್ಲಿಸಿದ. ನಾನು ಎದ್ದೆ, ಮೇಷ್ಟ್ರು ಮೊಣಕೈ ಹಿಡಿದು ಕೂರಿಸಿದರು. "ಪೂರ್ತಿ ಕೇಳು ತಾಯಿ."

ಎರಡು, ಮೂರು. ಬೈಗುಳವೇ ಬೈಗುಳ, ಇಲ್ಲಿ ಬರೆಯೋಕೆ ನನಗೇ ನಾಚಿಕೆ. ನಾಲ್ಕನೇದರಲ್ಲಿ ಬೈಗುಳ ಕಡಿಮೆ. ಸಾಲಿನ ಕೊನೆಗೆ, "ತಡಿ. ಉಸಿರು ತಗೋ. ಹಾಂ, ಈಗ." ಐದನೇದರಲ್ಲಿ, "ಕೆಮ್ಮು ಬಂತಾ? ನುಂಗು, ನುಂಗು." ಆರನೇದರಲ್ಲಿ ಬರೀ ಹೂಂ, ಹೂಂ, ಕತೆ ಕೇಳುವವರ ಹಾಗೆ. ಏಳರಲ್ಲಿ ನಾನು ಗೊಣಗೋದಲ್ಲ, ಅವನ ಜೊತೆ ಹಾಡುತ್ತಿದ್ದೇನೆ, ಅದೂ ಅಪಸ್ವರದಲ್ಲಿ. ಇದೆಲ್ಲ ಯಾವಾಗ ಆಯಿತು? ಈ ಪುಸ್ತಕವನ್ನು ತಿರುವಿ ತಿರುವಿ ನೋಡಿದೆ, ಎಲ್ಲೂ ಇಲ್ಲ.

ಎಂಟನೇದು. ಫೋನಿನ ಸಾಲು ಬಂದಾಗ ನನ್ನ ದನಿ ನಿಂತುಹೋಗಿದೆ. ತುಂಬ ಹೊತ್ತು ಬರೀ ಏಟು. ಒಂದು ಸಲ ಮಾತ್ರ, "ಥೂ." ಕೊನೆಗೆ ಆ ಸ್ವರ. ಅವನ ದನಿ ಸೀಳಿತು, ಅದರ ಹಿಂದೆಯೇ ನಾನು, ಕಿರುಚುತ್ತಿದ್ದೇನೆ:

"ಹಿಡ್ಕೋ! ಹಿಡ್ಕೋ ಅಣ್ಣ, ಬಿಡ್ಬೇಡ! ಇನ್ನು ಸ್ವಲ್ಪ!"

ಇದನ್ನು ನಾನು ಬರೆದದ್ದಲ್ಲ. ಟೇಪಿನಲ್ಲಿದ್ದದ್ದನ್ನು ಇಳಿಸಿದ್ದು.

ಅವನು ಹಿಡಿದುಕೊಂಡಿದ್ದಾನೆ. ಸೀಳಿದ ದನಿಯಲ್ಲೇ, ನನ್ನ ಕೋಲು ಮುರಿಯೋವರೆಗೂ.

ಟೇಪಿನ ತುದಿ ಚಕ್ರಕ್ಕೆ ಪಟಪಟ ಬಡಿಯಿತು. ಮೇಷ್ಟ್ರು ಕೈಯಿಂದ ನಿಲ್ಲಿಸಿದರು. ನಾನು ಅವನ ಕಡೆ ತಿರುಗಿದೆ. ಮೂರು ತಿಂಗಳ ಮೇಲೆ ನಾನಾಗಿಯೇ ಕೇಳಿದ ಮೊದಲ ಮಾತು.

"ಮೊದಲನೇ ದಿನದಿಂದ ಕೇಳಿಸ್ತಿತ್ತಾ?"

"ಹೂಂ."

"ಹೊಲಿಗೆ ವಿಷಯಾನೂ?"

"ಅದೂ."

"ಮತ್ತೆ ಯಾಕೆ ನಿಲ್ಲಿಸಲಿಲ್ಲ? ನಿನಗೆ ನಾಚಿಕೆ ಆಗ್ಲಿಲ್ವಾ?"

"ಆಯ್ತು." ಅವನು ಅಂಗೈ ನೋಡಿಕೊಂಡ. "ನಿಲ್ಲಿಸಿದ್ರೆ ನೀನು ಬೈಯೋದೂ ನಿಲ್ಲಿಸಿಬಿಡ್ತಿದ್ದೆ. ಜನವರಿಯಿಂದ ನೀನು ನನ್ನ ಹತ್ರ ಮಾತಾಡಿದ್ದು ಅಷ್ಟೇ ಕಣೇ. ಅದಕ್ಕೇ ಜೋರು ಮಾಡಿಸಿದ್ದು."

ಅವನ ಕೆನ್ನೆಗೆ ಬಿಗಿಯೋಣ ಅಂತ ಕೈ ಎತ್ತಿದೆ. ಎತ್ತಿದ್ದು ಹಾಗೇ ಇಳಿಯಿತು. ಅವನು ಮುಖ ಸರಿಸಲಿಲ್ಲ, ಅದಕ್ಕೇ ಇನ್ನೂ ಸಿಟ್ಟು.

ಮೇಷ್ಟ್ರು ಕನ್ನಡಕ ಒರೆಸುತ್ತ ನನಗೆ ಮಾತ್ರ ಕೇಳೋ ಹಾಗೆ ಅಂದರು. "ನಿನ್ನ ತಲೆ ಮೇಲಿನ ಮೈಕೊಂದನ್ನ ತಗ್ಗಿಸಿದ್ರೆ ಆಯ್ತು. ಬೆಣ್ಣೇಲಿ ಕೂದಲು ತೆಗೆದ ಹಾಗೆ ಬರುತ್ತೆ. ಬೈದಿದ್ದೂ ಹೋಗುತ್ತೆ, ಕೊನೇದೂ ಹೋಗುತ್ತೆ. ಹಾಡೊಂದೇ ಉಳಿಯುತ್ತೆ. ನಾವು ಐದು ಜನ ಬಿಟ್ರೆ ಯಾರಿಗೂ ಗೊತ್ತಾಗಲ್ಲ."

ಯೋಚನೆ ಮಾಡಲಿಲ್ಲ ಅಂದರೆ ಸುಳ್ಳಾಗುತ್ತೆ. ಆ ಕಿರುಚಾಟ ಊರವರ ಕಿವಿಗೆ ಬೀಳೋದು ನನಗೆ ಬೇಡ. ಮೂರು ತಿಂಗಳು ಹಲ್ಲು ಕಚ್ಚಿ ಸಾಕಿದ ಸೇಡನ್ನು ನನ್ನ ಬಾಯೇ ಕೊನೇ ಗಳಿಗೆಯಲ್ಲಿ ಬಿಟ್ಟುಕೊಟ್ಟಿತು ಅಂತ ಯಾರಿಗೂ ತಿಳಿಯೋದು ಬೇಡ. ಒಂದು ಮೈಕು, ಅಷ್ಟೇ. ಫೋನನ್ನು ಜೇಬಿಗಿಡೋದೂ ಅಷ್ಟೇ ಸುಲಭ ಇದ್ದಿರಬೇಕು.

"ಕಾಗದ ಎಲ್ಲಿದೆ ಮೇಷ್ಟ್ರೇ?"

"ಇಲ್ಲೇ ಇದೆ."

"ಕೊನೇ ಸಾಲು ಓದಿ."

ಅವರು ಓದಲಿಲ್ಲ. ನನ್ನ ಮೈಕು ತಗ್ಗಿಸೋ ಗುಂಡಿಯ ಮೇಲಿದ್ದ ಬೆರಳು ತೆಗೆದರು.

"ಬೈದಿದ್ದು ಒಂದಕ್ಷರ ಬಿಡಬಾರದು," ಅಂದೆ. "ಅವನು ಏನು ಮಾಡಿದ ಅಂತ ಜನ ಅವನ ಬಾಯಲ್ಲೂ ಕೇಳಲಿ, ನನ್ನ ಬಾಯಲ್ಲೂ ಕೇಳಲಿ. ಕೊನೇದೂ ಇರಲಿ. ಹಾಳಾಗಿ ಹೋಗಲಿ."

ಏಪ್ರಿಲ್ ೨, ಬುಧವಾರ

ಕ್ಷಮಿಸಿಲ್ಲ. ತಾರೀಕು ಹಾಕಿ ಬರೆದಿಡ್ತೀನಿ, ಆಮೇಲೆ ಯಾರಿಗೂ ಅನುಮಾನ ಬೇಡ. ಅಮ್ಮ ಬಾಗಿಲು ನೋಡುತ್ತ ಹೋದಳು. ಅದಕ್ಕೆ ಯಾವ ಹಾಡೂ ಸಾಲಲ್ಲ.

ಡ್ರಮ್ಮು ಬಿಚ್ಚಿ ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ. ಲಂಬು ಬಂದು ಹೊರಲು ಕೈಜೋಡಿಸಿದ. ಇಳಿದು ಹೋಗುವಾಗ, "ಇನ್ಮೇಲೆ ನಿನ್ನ ಮುಂದೆ ಬೇಸ್ ತಡ ಮಾಡಲ್ಲಮ್ಮ, ಏನೇನು ಅಂದಿದೀಯೋ ದೇವರಿಗೇ ಗೊತ್ತು," ಅಂದ. ಮೂರನೇ ಹಾಡಿನಲ್ಲಿ ಅವನಿಗೂ ಎರಡು ಬೈಗುಳ ಬಿದ್ದಿವೆ. ಇಬ್ಬರೂ ನಕ್ಕೆವು.

ಬೆಳಿಗ್ಗೆ ಅವನ ಫೋನ್ ಬಂತು. ಎತ್ತಲಿಲ್ಲ. ಮಧ್ಯಾಹ್ನ ಬಂತು, ಎತ್ತಲಿಲ್ಲ. ಸಂಜೆ ಮತ್ತೆ ಬಂದಾಗ ಗೋಡೆ ಗಡಿಯಾರ ನೋಡಿದೆ, ಆರು ಗಂಟೆ. ಅವನಿಗೆ ಅದರ ಪರಿವೆ ಇತ್ತೋ ಇಲ್ಲವೋ. ಫೋನು ಹಿಡಿದುಕೊಂಡು ನಿಂತೆ, ಅಂಗೈಯಲ್ಲಿ ಅದು ಗುರ್ ಗುರ್ ಅನ್ನುತ್ತಲೇ ಇತ್ತು. ಮೈಮೇಲಿದ್ದ ಅಮ್ಮನ ನೀಲಿ ಸ್ವೆಟರಿಗೆ ಜೇಬಿತ್ತು.

ಎತ್ತಿದೆ. "ಹೇಳು," ಅಂದೆ.

ಆ ಎರಡಕ್ಷರ ಸೇರಿಸಲಿಲ್ಲ. ಬೇಕಾದರೆ ಟೇಪ್ ಹಾಕಿಕೊಂಡು ಕೇಳಲಿ.